ಸಕ್ಕರೆ ಡಬ್ಬಿ ಇರಲಿ, ಉಳಿದದ್ದು ತೆಗೆಯಿರಿ

ನಮಸ್ಕಾರ,

ನಿಮ್ಮ ‘ಗಂಡಸರ ಮಾತು, ಹೆಂಗಸರ ಮಾತು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕಾರಣ, ಮೂರನೇ ಪುಟದಲ್ಲಿರುವ ನಿಮ್ಮ ಅಮ್ಮನ ಸಕ್ಕರೆ ಡಬ್ಬಿ.

ಮೊದಲು ತಕರಾರು ಮುಗಿಸಿಬಿಡುತ್ತೇನೆ. ‘ಹೆಂಗಸರು ದಿನಕ್ಕೆ 20,000 ಪದ ಆಡುತ್ತಾರೆ, ಗಂಡಸರು 7,000’ ಎಂದು ಶುರು ಮಾಡಿದ್ದೀರಿ. ವಾಟ್ಸಾಪ್‌ನಲ್ಲಿ ಬಂದದ್ದು, ಅಲ್ವಾ? ಮನಶ್ಶಾಸ್ತ್ರಜ್ಞ ಮಥಾಯಸ್ ಮೆಹ್ಲ್ ಮತ್ತು ಜೊತೆಯವರು ಅಮೆರಿಕ, ಮೆಕ್ಸಿಕೋದ 396 ವಿದ್ಯಾರ್ಥಿಗಳಿಗೆ ರೆಕಾರ್ಡರ್ ಕೊಟ್ಟು ಲೆಕ್ಕ ಹಾಕಿ, 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಗಂಡು ಹೆಣ್ಣು ಇಬ್ಬರದೂ ದಿನಕ್ಕೆ ಸುಮಾರು 16,000 ಪದ. ಆ ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ.

ಈಗ ಸಕ್ಕರೆಗೆ ಬರೋಣ. ಅಮ್ಮ ಡಬ್ಬಿಯ ತಳವನ್ನು ಚಮಚದಲ್ಲಿ ಕೆರೆಯುತ್ತಾ ‘ಸಕ್ಕರೆ ಮುಗೀತಾ ಬಂತು’ ಅನ್ನುತ್ತಾರೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ‘ಹೂಂ’ ಅನ್ನುತ್ತಾರೆ. ಮಾರನೇ ದಿನ ಕಾಫಿಗೆ ಸಕ್ಕರೆ ಇಲ್ಲ.

‘ತನ್ನಿ ಅಂತ ಹೇಳಬಾರದಿತ್ತಾ?’

‘ಹೇಳಿದ್ನಲ್ರೀ!’

ಎಷ್ಟು ಚೆನ್ನಾಗಿದೆ! ಆದರೆ ಮುಂದಿನ ಸಾಲಲ್ಲೇ ‘ಸ್ತ್ರೀಯರ ಸಂವಹನವು ಸ್ವಭಾವತಃ ಪರೋಕ್ಷವಾದುದು’ ಎಂದು ಷರಾ ಬರೆದು ಕೆಡಿಸಿದ್ದೀರಿ. ನಿಮ್ಮ ಅಮ್ಮ ಅದೇ ದಿನ ತರಕಾರಿಯವನಿಗೆ ‘ಕೊತ್ತಂಬರಿ ಬಾಡಿದೆ ಕಣಪ್ಪಾ, ಬೇರೆ ಕಟ್ಟು ಕೊಡು’ ಅಂದರು ಎಂದು ನೀವೇ ಬರೆದಿದ್ದೀರಿ. ಅದರಲ್ಲಿ ಪರೋಕ್ಷ ಎಲ್ಲಿದೆ? ಐದನೇ ಪುಟದಲ್ಲಿ ಅಪ್ಪ ಸಾಹೇಬರಿಗೆ ಫೋನ್ ಮಾಡುತ್ತಾರೆ: ‘ಸಾರ್, ನಾಳೆ ಊರಲ್ಲಿ ಸ್ವಲ್ಪ ಕೆಲಸ ಇತ್ತು…’ ರಜೆ ಅನ್ನುವ ಮಾತೇ ಇಲ್ಲ. ಅದೂ ಸಕ್ಕರೆ ಮುಗೀತಾ ಬಂತು ಅಂದ ಹಾಗೇ. ಯಾರು ಯಾರ ಮುಂದೆ ಕೇಳುತ್ತಿದ್ದಾರೆ ಅನ್ನುವುದನ್ನು ನೋಡಿ.

ಇದು ನನ್ನ ಹೊಸ ಶೋಧವೇನಲ್ಲ. ಅನುಮಾನಿಸುತ್ತಾ, ಹಿಂಜರಿಯುತ್ತಾ ಆಡುವುದು ಹೆಂಗಸರ ಮಾತಿನ ಗುಣ ಎಂದು ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1970ರ ದಶಕದಲ್ಲಿ ಬರೆದರು. ಒಬಾರ್ ಮತ್ತು ಆಟ್ಕಿನ್ಸ್ ಎಂಬ ಸಂಶೋಧಕರು ಅಮೆರಿಕದ ನಾರ್ತ್ ಕೆರೊಲಿನಾದ ಕೋರ್ಟುಗಳಲ್ಲಿ ಸಾಕ್ಷಿಗಳ ಮಾತು ಕೇಳಿ ನೋಡಿ, 1980ರಲ್ಲಿ ಬರೆದರು. ಸ್ಥಾನಮಾನ ಕಡಿಮೆ ಇದ್ದ ಗಂಡಸರೂ ಹಾಗೇ ಮಾತಾಡುತ್ತಿದ್ದರು. ತಜ್ಞರಾಗಿ ಸಾಕ್ಷಿ ಹೇಳಿದ ಹೆಂಗಸರಲ್ಲಿ ಆ ಹಿಂಜರಿಕೆ ತೀರಾ ಕಡಿಮೆ.

ಇನ್ನೊಂದು ಬೇಸರ. ಉದಾಹರಣೆ ಕನ್ನಡದ್ದು, ಯೋಚನೆ ಮಾತ್ರ ಇಂಗ್ಲಿಷಿನದು. ಗಂಡು ಹೆಣ್ಣಿನ ವ್ಯತ್ಯಾಸ ನಮ್ಮ ಮಾತಿನ ಬಾಲದಲ್ಲೇ ಇದೆಯಲ್ಲ! ಅವನಿಗೆ ‘ಬಾರೋ’, ಅವಳಿಗೆ ‘ಬಾರೇ’. ನಿಮ್ಮ ಅಪ್ಪ ‘ಏನೇ’ ಅನ್ನುತ್ತಾರೆ, ಅಮ್ಮ ‘ರೀ’ ಅನ್ನುತ್ತಾರೆ. ಗಂಡನ ಹೆಸರು ಹಿಡಿದೂ ಕರೆಯದೆ ನಲವತ್ತು ವರ್ಷ ಬಾಳಿದವರಿಗೆ ‘ಸಕ್ಕರೆ ತನ್ನಿ’ ಎಂದು ನೇರ ಹೇಳುವುದು ಎಷ್ಟು ಸಲೀಸು? ಆ ‘ರೀ’ ಬಗ್ಗೆ ಒಂದು ಪುಟ ಬೇಕು. ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ನೀವು ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತೀರಿ ಎಂದು ಕೊನೆಯಲ್ಲಿ ಹೇಳಿ ಬಿಟ್ಟುಬಿಟ್ಟಿದ್ದೀರಿ. ನಿಮ್ಮ ಮನೆಯಲ್ಲಿ ಸಕ್ಕರೆ ಮುಗಿದರೆ ಯಾರು, ಯಾರಿಗೆ, ಹೇಗೆ ಹೇಳುತ್ತೀರಿ? ಒಂದು ವಾರ ಕಿವಿಗೊಟ್ಟು ಕೇಳಿ, ಅದನ್ನು ಬರೆಯಿರಿ. 900 ಪದ ಸಾಕು. ತಿಂಗಳ ಕೊನೆಯೊಳಗೆ ಸಿಕ್ಕರೆ ಮುಂದಿನ ಸಂಚಿಕೆಗೆ ನೋಡೋಣ.

— ಸಂಪಾದಕ