ಚಂದ್ರ ನಿಜವಾಗಿಯೂ ಭೂಮಿಯಿಂದ ದೂರ ಹೋಗುತ್ತಿದ್ದಾನಾ?

ಹೌದು, ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್. ಇದು ಸುಮ್ನೆ ಅಂದಾಜಲ್ಲ, ಅಳೆದು ನೋಡಿದ್ದು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಒಂದು ಪ್ರತಿಫಲಕ ಇಟ್ಟು ಬಂದರು. ಅರ್ಧ ಮೀಟರಿಗಿಂತ ಕಡಿಮೆ ಅಗಲದ ಚೌಕ, ಅದರಲ್ಲಿ 100 ಗಾಜಿನ ಪಟ್ಟಕಗಳು. ಇಲ್ಲಿಂದ ಬಿಟ್ಟ ಲೇಸರ್ ಅದಕ್ಕೆ ಬಡಿದು ಸುಮಾರು 2.5 ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಆ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಇಷ್ಟು ವರ್ಷವಾದರೂ ಅದು ಕೆಲಸ ಮಾಡುತ್ತಿದೆ ಅನ್ನೋದೇ ನನಗೆ ದೊಡ್ಡ ಅಚ್ಚರಿ.

ಕಾರಣ ನಮ್ಮ ಸಮುದ್ರದ ಉಬ್ಬರ. ಚಂದ್ರ ಸುತ್ತುವುದಕ್ಕಿಂತ ಭೂಮಿ ಬೇಗ ತಿರುಗುತ್ತದೆ ಅಲ್ವಾ? ಹಾಗಾಗಿ ಉಬ್ಬಿದ ನೀರು ಚಂದ್ರನಿಗಿಂತ ಸ್ವಲ್ಪ ಮುಂದಿದ್ದು, ಅವನನ್ನು ಮುಂದಕ್ಕೆ ಎಳೆಯುತ್ತದೆ. ಅವನ ಕಕ್ಷೆ ದೊಡ್ಡದಾಗುತ್ತದೆ, ಭೂಮಿ ನಿಧಾನವಾಗುತ್ತದೆ. ನಮ್ಮ ದಿನವೂ 100 ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡ್ ಉದ್ದವಾಗುತ್ತಿದೆ.