ಪರದೇಶದ ಲೈಸೆನ್ಸ್ ಪರೀಕ್ಷೆ: ಹಿಂದಿಯಲ್ಲೋ, ಉರ್ದುವಿನಲ್ಲೋ, ಇಂಗ್ಲಿಷಿನಲ್ಲೋ?

ವಾಹನ ಚಾಲನೆಯ ಲಿಖಿತ ಪರೀಕ್ಷೆಯ ಭಾಷೆಯನ್ನು ಕುರಿತು ಹೊರದೇಶದಲ್ಲಿರುವ ಓದುಗರಿಂದ ಹಲವು ಪತ್ರಗಳು ಬಂದಿವೆ. ಎಲ್ಲವೂ ಒಂದೇ ವಿಷಯವನ್ನು ಸುತ್ತುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ಮದುವೆಯಾಗಿ ಧಾರವಾಡದಿಂದ ಇಂಗ್ಲೆಂಡಿನ ಲೆಸ್ಟರಿಗೆ ಬಂದು ಹತ್ತು ತಿಂಗಳಾಯಿತು. ಊರಿನಲ್ಲಿ ಕಾರು ಓಡಿಸುತ್ತಿದ್ದೆ, ಲೈಸೆನ್ಸ್ ಇದೆ. ಇಂಗ್ಲಿಷ್ ಓದಬಲ್ಲೆನಾದರೂ ಪರೀಕ್ಷೆ ಎಂದ ಕೂಡಲೇ ಕೈಕಾಲು ಆಡುವುದಿಲ್ಲ. ಪಕ್ಕದ ಮನೆಯ ಗುಜರಾತಿ ಅಜ್ಜಿ ತಾವು ಗುಜರಾತಿಯಲ್ಲಿಯೇ ಪರೀಕ್ಷೆ ಬರೆದು ಪಾಸಾದೆ ಎನ್ನುತ್ತಾರೆ. ಪರಿಚಯದವರೊಬ್ಬರು ಹಣ ಕೊಟ್ಟರೆ ಹಿಂದಿಯಲ್ಲಿ ಬರೆಯುವ ವ್ಯವಸ್ಥೆ ಮಾಡಿಸುವುದಾಗಿ ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ನಿಮ್ಮ ಪಕ್ಕದ ಮನೆಯ ಅಜ್ಜಿ ಹೇಳಿದ್ದು ನಿಜ, ಪರಿಚಯದವರು ಹೇಳುತ್ತಿರುವುದು ನಿಜವಲ್ಲ. ಬ್ರಿಟನ್ನಿನಲ್ಲಿ ಲಿಖಿತ ಪರೀಕ್ಷೆ ಪ್ರತ್ಯೇಕವಾಗಿ ಆರಂಭವಾದದ್ದು 1996ರಲ್ಲಿ. ಮುಂದೆ ಹಿಂದಿ, ಉರ್ದು, ಗುಜರಾತಿ, ಪಂಜಾಬಿ, ಬಂಗಾಳಿ, ತಮಿಳು ಸೇರಿದಂತೆ 19 ವಿದೇಶಿ ಭಾಷೆಗಳಲ್ಲಿ ಪ್ರಶ್ನೆಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವ ಅವಕಾಶವಿತ್ತು, ದುಭಾಷಿಯನ್ನು ಜೊತೆಗೆ ಕರೆದೊಯ್ಯಲೂ ಬಿಡುತ್ತಿದ್ದರು. ಕೆಲವು ದುಭಾಷಿಗಳು ಅನುವಾದಿಸುವ ನೆಪದಲ್ಲಿ ಉತ್ತರವನ್ನೇ ಹೇಳಿಕೊಡುತ್ತಿದ್ದುದು ಬೆಳಕಿಗೆ ಬಂತು. ರಸ್ತೆಯ ಫಲಕಗಳನ್ನೂ ಸೂಚನೆಗಳನ್ನೂ ಓದಲಾರದವರು ಚಾಲಕರಾಗುತ್ತಿದ್ದಾರೆಂಬ ಆತಂಕವೂ ಖರ್ಚಿನ ಲೆಕ್ಕವೂ ಅದಕ್ಕೆ ಸೇರಿದವು. ಇವೆಲ್ಲದರ ಪರಿಣಾಮವಾಗಿ 2014ರ ಏಪ್ರಿಲ್ 7ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಆ ಸೌಲಭ್ಯವನ್ನು ನಿಲ್ಲಿಸಲಾಯಿತು. ಈಗ ಉಳಿದಿರುವುದು ಇಂಗ್ಲಿಷ್, ವೆಲ್ಷ್ ಮತ್ತು ಕಿವಿ ಕೇಳದವರಿಗಾಗಿ ಬ್ರಿಟಿಷ್ ಸಂಜ್ಞಾ ಭಾಷೆ ಮಾತ್ರ. ರಸ್ತೆಯ ಪರೀಕ್ಷೆಗೂ ದುಭಾಷಿಯನ್ನು ಕರೆದೊಯ್ಯುವಂತಿಲ್ಲ.

ಹೀಗಿರುವಾಗ ಹಣ ಪಡೆದು ಹಿಂದಿಯಲ್ಲಿ ಬರೆಸುತ್ತೇನೆಂದು ಹೇಳುವವರು ಮಾಡಬಹುದಾದದ್ದು ಎರಡೇ: ನಿಮ್ಮ ಹಣ ತೆಗೆದುಕೊಂಡು ಮರೆಯಾಗುವುದು, ಇಲ್ಲವೇ ನಿಮ್ಮ ಬದಲು ಬೇರೊಬ್ಬರನ್ನು ಪರೀಕ್ಷೆಗೆ ಕೂರಿಸುವುದು. ಎರಡನೆಯದು ಅಲ್ಲಿ ಜೈಲಿಗೆ ಕಳುಹಿಸುವ ಅಪರಾಧ, ಕೂತವರಿಗಷ್ಟೇ ಅಲ್ಲ, ಕೂರಿಸಿದವರಿಗೂ. ವೀಸಾದ ಮೇಲೆ ಇರುವ ನಿಮಗೆ ಅದರ ಪೆಟ್ಟು ಇನ್ನೂ ದೊಡ್ಡದು. ದಯವಿಟ್ಟು ಆ ಮಾತನ್ನು ಇಲ್ಲಿಗೇ ನಿಲ್ಲಿಸಿ.

ನಿಮ್ಮ ಭಯದ ಬಗ್ಗೆ ಹೇಳಬೇಕೆಂದರೆ, ಈ ಪರೀಕ್ಷೆ ನೀವು ಊಹಿಸಿಕೊಂಡಷ್ಟು ಭಾಷೆಯ ಪರೀಕ್ಷೆಯಲ್ಲ. ಮೊದಲ ಭಾಗದಲ್ಲಿ 57 ನಿಮಿಷಕ್ಕೆ 50 ಪ್ರಶ್ನೆಗಳು, 43 ಸರಿಯಿರಬೇಕು. ಉತ್ತರ ಬರೆಯುವುದಿಲ್ಲ, ಆರಿಸುವುದಷ್ಟೇ. ಅದರಲ್ಲಿ ಒಂದು ಸಣ್ಣ ವಿಡಿಯೋ ನೋಡಿ ಉತ್ತರಿಸುವ ಮೂರು ಪ್ರಶ್ನೆಗಳೂ ಇವೆ. 2020ಕ್ಕೆ ಮುಂಚೆ ಅದೇ ಜಾಗದಲ್ಲಿ ಒಂದು ಸನ್ನಿವೇಶವನ್ನು ಓದಿ ಅರ್ಥಮಾಡಿಕೊಳ್ಳಬೇಕಾಗಿತ್ತು, ಆದ್ದರಿಂದ ಓದುವ ಹೊರೆ ಈಗ ಕಡಿಮೆಯಾಗಿದೆ ಎಂದೇ ಹೇಳಬೇಕು. ಎರಡನೆಯ ಭಾಗದಲ್ಲಿ 14 ವಿಡಿಯೋ ತುಣುಕುಗಳನ್ನು ನೋಡುತ್ತಾ, ಅಪಾಯ ರೂಪುಗೊಳ್ಳುತ್ತಿದೆ ಎನಿಸಿದ ಕ್ಷಣದಲ್ಲಿ ಮೌಸ್ ಒತ್ತಬೇಕು. ಒಟ್ಟು 15 ಅಪಾಯಗಳು, 75 ಅಂಕಗಳಿಗೆ 44 ಬರಬೇಕು. ಅಲ್ಲಿ ಬೇಕಾದದ್ದು ಕಣ್ಣು, ಭಾಷೆಯಲ್ಲ. ನಮ್ಮವರು ಎಡವುವುದು ಇಲ್ಲಿಯೇ ಎಂಬುದನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ. ನಮ್ಮ ಊರಿನ ರಸ್ತೆಗಳಲ್ಲಿ ಓಡಿಸಿ ಪಳಗಿದ ಕಣ್ಣಿಗೆ ಎಲ್ಲ ಕಡೆಯೂ ಅಪಾಯವೇ ಕಾಣುತ್ತದೆ. ಕಂಡದ್ದಕ್ಕೆಲ್ಲ ಒಂದೇ ಸಮನೆ ಒತ್ತುತ್ತಾ ಹೋದರೆ, ಊಹೆಯ ಮೇಲೆ ಒತ್ತುತ್ತಿದ್ದೀರೆಂದು ಗಣಕಯಂತ್ರ ತಿಳಿದು ಆ ತುಣುಕಿಗೆ ಸೊನ್ನೆ ಕೊಡುತ್ತದೆ.

ಓದುವುದರಲ್ಲಿ ನಿಜವಾದ ತೊಡಕಿದ್ದವರಿಗೆ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿಯೇ ಹೆಡ್‌ಫೋನಿನ ಮೂಲಕ ಕೇಳಿಸಿಕೊಳ್ಳುವ ಅವಕಾಶವಿದೆ, ಅದನ್ನು ಬುಕ್ ಮಾಡುವಾಗಲೇ ತಿಳಿಸಬೇಕು. ಶುಲ್ಕ 23 ಪೌಂಡ್. ಇದಕ್ಕಿಂತ ಹೆಚ್ಚು ಕೇಳುವ ಜಾಲತಾಣವು ಸರ್ಕಾರದ್ದಲ್ಲ. ಭಾರತದ ಲೈಸೆನ್ಸಿನಲ್ಲಿ ನೀವು ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು, ಅದನ್ನು ಅಲ್ಲಿಯ ಲೈಸೆನ್ಸಿಗೆ ನೇರವಾಗಿ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಹತ್ತು ತಿಂಗಳು ಕಳೆದಿರುವುದರಿಂದ ತಾತ್ಕಾಲಿಕ ಲೈಸೆನ್ಸಿಗೆ ಈ ವಾರವೇ ಅರ್ಜಿ ಹಾಕಿ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡನ್ನು ದಿನಕ್ಕೆ ನಾಲ್ಕು ಪುಟದಂತೆ ಓದಿ, ಓದಿದ ನಿಯಮವನ್ನು ರಾತ್ರಿ ಕನ್ನಡದಲ್ಲಿ ಮನೆಯವರಿಗೆ ವಿವರಿಸಿ. ಕನ್ನಡದಲ್ಲಿ ವಿವರಿಸಲು ಬಂದ ನಿಯಮವನ್ನು ಪರೀಕ್ಷೆಯಲ್ಲಿ ಯಾವ ಮಾತಿನಲ್ಲಿ ತಿರುಗಿಸಿ ಕೇಳಿದರೂ ನೀವು ಗುರುತಿಸುತ್ತೀರಿ.

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಹನ್ನೆರಡು ವರ್ಷ ಮುಂಬೈಯಲ್ಲಿ ಹೋಟೆಲ್ ಕೆಲಸ, ಈಗ ದುಬೈಯಲ್ಲಿದ್ದೇನೆ. ಡ್ರೈವರ್ ಕೆಲಸ ಸಿಗುವಂತಿದೆ. ಥಿಯರಿ ಪರೀಕ್ಷೆಯನ್ನು ಹಿಂದಿಯಲ್ಲಿ ಕೊಡುವುದೋ ಇಂಗ್ಲಿಷಿನಲ್ಲಿ ಕೊಡುವುದೋ ತಿಳಿಯುತ್ತಿಲ್ಲ. ಹಿಂದಿ ಚೆನ್ನಾಗಿ ಮಾತನಾಡುತ್ತೇನೆ, ಇಂಗ್ಲಿಷ್ ನಿಧಾನವಾಗಿ ಓದುತ್ತೇನೆ.

ಉತ್ತರ: ದುಬೈಯ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರವು ಮೊದಲು ಅರಬ್ಬಿ, ಇಂಗ್ಲಿಷ್, ಉರ್ದುಗಳಲ್ಲಿ ಮಾತ್ರ ಈ ಪರೀಕ್ಷೆ ನಡೆಸುತ್ತಿತ್ತು. 2015ರಲ್ಲಿ ಹಿಂದಿ, ಮಲಯಾಳಂ, ತಮಿಳು, ಬಂಗಾಳಿ, ಪಾರಸಿ, ರಷ್ಯನ್ ಮತ್ತು ಚೀನೀ ಭಾಷೆಗಳನ್ನು ಸೇರಿಸಿತು. ಹಾಗಾಗಿ ಹಿಂದಿಯಲ್ಲಿ ಪರೀಕ್ಷೆ ಕೊಡುವುದು ನಿಮ್ಮ ಹಕ್ಕು, ಅದರಲ್ಲಿ ಅನುಮಾನವಿಲ್ಲ. ಕೊಡಬೇಕೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನೀವು ಮುಂಬೈಯಲ್ಲಿ ಕಲಿತದ್ದು ಕಿವಿಯಿಂದ ಬಂದ ಹಿಂದಿ. ಗಿರಾಕಿಯೊಡನೆ, ಟ್ಯಾಕ್ಸಿಯವನೊಡನೆ, ಮಾಲೀಕನೊಡನೆ ಅದು ಎಲ್ಲಿಯೂ ಸೋಲುವುದಿಲ್ಲ. ಆದರೆ ಆ ಹಿಂದಿಯಲ್ಲಿ ‘ಲೆಫ್ಟ್ ಮಾರೋ’, ‘ರೈಟ್ ಲೇಲೋ’, ‘ಸಿಗ್ನಲ್’ ಎಂದೇ ಇರುತ್ತದೆ. ಸಂಚಾರ ನಿಯಮಗಳನ್ನು ಬರೆಯುವ ಪುಸ್ತಕದ ಹಿಂದಿಯಲ್ಲಿ ಬಲಕ್ಕೆ ‘ದಾಯೇಂ’, ಎಡಕ್ಕೆ ‘ಬಾಯೇಂ’. ಈ ಎರಡು ಶಬ್ದಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಅಕ್ಷರ. ಹೆಡ್‌ಫೋನಿನಲ್ಲಿ ಕೇಳುತ್ತಾ ಗಾಬರಿಯಲ್ಲಿರುವವರಿಗೆ ಅದು ತಪ್ಪಿಹೋಗುವುದು ಬಹಳ ಸುಲಭ, ದುಬೈಯಲ್ಲಿ ತಪ್ಪಿದರೆ ಉತ್ತರವೇ ತಲೆಕೆಳಗಾಗುತ್ತದೆ. ನಮ್ಮಲ್ಲಿ ರಸ್ತೆಯ ಎಡಬದಿಯಲ್ಲಿ ಓಡಿಸುತ್ತೇವೆ, ಅಲ್ಲಿ ಬಲಬದಿಯಲ್ಲಿ. ವೃತ್ತದೊಳಗೆ ಆಗಲೇ ಇರುವ, ನಿಮ್ಮ ಎಡಗಡೆಯಿಂದ ಬರುವ ವಾಹನಗಳಿಗೆ ಅಲ್ಲಿ ದಾರಿ ಬಿಡಬೇಕು. ಎಡ ಬಲಗಳನ್ನು ಹೊಸದಾಗಿ ತಲೆಗೆ ಹತ್ತಿಸಿಕೊಳ್ಳಬೇಕಾದ ಹೊತ್ತಿನಲ್ಲಿ, ಆ ಎಡ ಬಲಗಳಿಗೆ ಹೊಸ ಶಬ್ದಗಳನ್ನೂ ಹೊರುವುದು ಇಬ್ಬಗೆಯ ಹೊರೆಯಾಗುತ್ತದೆ.

ಇನ್ನೊಂದು ತೊಡಕು ನಮ್ಮ ಕನ್ನಡದಿಂದಲೇ ಬರುತ್ತದೆ. ಹಿಂದಿಯೂ ಕನ್ನಡವೂ ಸಂಸ್ಕೃತದಿಂದ ತೆಗೆದುಕೊಂಡ ಹಲವು ಶಬ್ದಗಳು ಒಂದೇ ರೂಪದಲ್ಲಿದ್ದರೂ ಅರ್ಥದಲ್ಲಿ ಬೇರೆಯಾಗಿವೆ. ನಮಗೆ ‘ಸಾವಧಾನ’ ಎಂದರೆ ಆತುರವಿಲ್ಲದೆ, ನಿಧಾನವಾಗಿ ಎಂದು, ಹಿಂದಿಯಲ್ಲಿ ಅದು ‘ಎಚ್ಚರಿಕೆ’. ನಮಗೆ ‘ಅನಿವಾರ್ಯ’ ಎಂದರೆ ಬೇರೆ ದಾರಿಯಿಲ್ಲದ್ದು, ಹಿಂದಿಯಲ್ಲಿ ಅದು ‘ಕಡ್ಡಾಯ’. ನಮಗೆ ‘ಪ್ರಾಥಮಿಕ’ ಎಂದ ಕೂಡಲೇ ನೆನಪಾಗುವುದು ಶಾಲೆ, ಹಿಂದಿಯಲ್ಲಿ ‘ಪ್ರಾಥಮಿಕತಾ’ ಎಂದರೆ ಆದ್ಯತೆ, ಅಂದರೆ ಯಾವ ವಾಹನ ಮೊದಲು ಹೋಗಬೇಕು ಎಂಬುದು. ಚೌಕಗಳಲ್ಲಿ ಯಾರಿಗೆ ಆದ್ಯತೆ ಎಂಬ ಪ್ರಶ್ನೆ ಯಾವ ದೇಶದ ಪರೀಕ್ಷೆಯಲ್ಲಿಯೂ ತಪ್ಪಿದ್ದಲ್ಲ. ಗೊತ್ತಿಲ್ಲದ ಶಬ್ದ ಬಂದರೆ ಮನುಷ್ಯ ನಿಂತು ಯೋಚಿಸುತ್ತಾನೆ, ಗೊತ್ತಿದೆ ಎಂದುಕೊಂಡ ಶಬ್ದ ಬಂದರೆ ಯೋಚಿಸದೆ ಒತ್ತಿಬಿಡುತ್ತಾನೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಹಿಂದಿ ಪರೀಕ್ಷೆಯಲ್ಲಿ ಇರುವ ಅಪಾಯ ಇದೇ ಎಂದು ನನಗೆ ಅನಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ಹಿಂದಿ ಬೇಡವೆನ್ನುವುದಕ್ಕಲ್ಲ. ನಿಮ್ಮ ಇಂಗ್ಲಿಷ್ ನಿಧಾನವೆಂದು ನೀವೇ ಹೇಳುತ್ತೀರಿ, ಅವಸರದಲ್ಲಿ ಇಂಗ್ಲಿಷ್ ಓದಿ ಅರ್ಧ ಅರ್ಥ ಮಾಡಿಕೊಳ್ಳುವುದಕ್ಕಿಂತ ಹಿಂದಿಯಲ್ಲಿ ಪೂರ್ತಿ ಕೇಳಿಸಿಕೊಳ್ಳುವುದು ಖಂಡಿತ ಮೇಲು. ನನ್ನ ಸಲಹೆ ಹೀಗಿದೆ. ಡ್ರೈವಿಂಗ್ ಶಾಲೆಗೆ ಸೇರುವ ದಿನವೇ ಉಪನ್ಯಾಸವನ್ನು ಹಿಂದಿಯಲ್ಲಿ ಕೇಳುತ್ತೇನೆಂದು ಹೇಳಿ, ಪರೀಕ್ಷೆಯ ಭಾಷೆಯನ್ನು ಮಾತ್ರ ಕೊನೆಗೆ ತೀರ್ಮಾನಿಸುತ್ತೇನೆಂದು ಕೇಳಿ ನೋಡಿ. ಉಪನ್ಯಾಸ ಒಂದು ಭಾಷೆಯಲ್ಲಿ, ಪರೀಕ್ಷೆ ಇನ್ನೊಂದರಲ್ಲಿ ಆಗುವುದಿಲ್ಲವೆಂದರೆ ಎರಡನ್ನೂ ಹಿಂದಿಯಲ್ಲಿಯೇ ಇಟ್ಟುಕೊಳ್ಳಿ. ಒಂದು ಸಣ್ಣ ನೋಟುಪುಸ್ತಕದಲ್ಲಿ ಮೂರು ಸಾಲು ಮಾಡಿ, ಕೇಳಿದ ಹಿಂದಿ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅದರ ಪಕ್ಕದಲ್ಲಿ ಕನ್ನಡದ ಅರ್ಥ, ಮತ್ತೊಂದರಲ್ಲಿ ರಸ್ತೆಯ ಫಲಕದ ಮೇಲಿರುವ ಇಂಗ್ಲಿಷ್ ಶಬ್ದವನ್ನು ಬರೆಯಿರಿ. ಮೂರನೆಯ ಸಾಲನ್ನು ಬಿಡಬೇಡಿ. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಕೊಟ್ಟರೂ, ನಾಳೆ ನೀವು ಗಾಡಿ ಓಡಿಸುವ ರಸ್ತೆಯ ಫಲಕಗಳು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ.

ಪ್ರಶ್ನೆ: ನಮ್ಮ ಊರು ಭಟ್ಕಳ. ಮನೆಯ ಮಾತು ನವಾಯತಿ, ಓದು ಉರ್ದು ಮಾಧ್ಯಮದಲ್ಲಿ. ದುಬೈಯಲ್ಲಿರುವ ತಮ್ಮನು ಉರ್ದುವಿನಲ್ಲಿ ಪರೀಕ್ಷೆ ಕೊಡಲು ಹೊರಟಿದ್ದಾನೆ. ಅದರಿಂದ ಮುಂದೆ ಕೆಲಸಕ್ಕೆ ತೊಂದರೆಯಾದೀತೇ?

ಉತ್ತರ: ತೊಂದರೆಯೇನೂ ಇಲ್ಲ. ಪರೀಕ್ಷೆಯ ಭಾಷೆ ಯಾವುದಾದರೂ ಕೈಗೆ ಬರುವ ಲೈಸೆನ್ಸ್ ಒಂದೇ. ಉರ್ದುವನ್ನು ಶಾಲೆಯಲ್ಲಿ ಕಲಿತ ನಿಮ್ಮ ತಮ್ಮನ ಸ್ಥಿತಿ ಮೇಲಿನ ಪತ್ರದವರ ಸ್ಥಿತಿಗಿಂತ ಭಿನ್ನ. ನಿಮ್ಮ ತಮ್ಮನಿಗೆ ‘ರಫ್ತಾರ್’ (ವೇಗ), ‘ಹದ್’ (ಮಿತಿ), ‘ಮನಾ’ (ನಿಷೇಧ) ಇವೆಲ್ಲ ಪುಸ್ತಕದಲ್ಲಿ ಕಂಡ ಶಬ್ದಗಳೇ. ಅರಬ್ಬಿ ಲಿಪಿಯ ಪರಿಚಯವಿರುವುದರಿಂದ ಫಲಕಗಳ ಮೇಲಿನ ಊರ ಹೆಸರುಗಳನ್ನು ಓದುವುದೂ ಅವರಿಗೆ ಸಲೀಸು. ಧೈರ್ಯವಾಗಿ ಉರ್ದುವಿನಲ್ಲಿಯೇ ಕೊಡಲಿ.

ಪ್ರಶ್ನೆ: ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇವೆ. ನನ್ನ ಪತ್ನಿಗೆ ಜರ್ಮನ್ ಬರುವುದಿಲ್ಲ. ಅಲ್ಲಿ ಹಿಂದಿಯ ಅನುಕೂಲವಿದೆಯೇ?

ಉತ್ತರ: ಇಲ್ಲ. ಜರ್ಮನ್ ಅಲ್ಲದೆ ಇಂಗ್ಲಿಷ್, ಫ್ರೆಂಚ್, ಟರ್ಕಿಶ್, ರಷ್ಯನ್, 2016ರಿಂದ ಅರಬ್ಬಿ ಸೇರಿದಂತೆ 12 ವಿದೇಶಿ ಭಾಷೆಗಳಲ್ಲಿ ಅಲ್ಲಿ ಲಿಖಿತ ಪರೀಕ್ಷೆ ಕೊಡಬಹುದು, ಆ ಪಟ್ಟಿಯಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ನಿಮ್ಮ ಪತ್ನಿಯವರು ಇಂಗ್ಲಿಷನ್ನು ಆರಿಸಲಿ. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ಕೊಡಬೇಕು, ಆದರೆ ಹೊಸಬರಂತೆ ಕಡ್ಡಾಯ ತರಗತಿಗಳಿಗೆ ಕೂರಬೇಕಾಗಿಲ್ಲ.

ಪ್ರಶ್ನೆ: ಕೆನಡಾದ ಬ್ರಾಂಪ್ಟನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ, ಇಲ್ಲಿಯೇ ನೆಲೆಸುವವನಿದ್ದೇನೆ. ಬೀದರಿನಲ್ಲಿ ಬೆಳೆದವನಾದ್ದರಿಂದ ಹಿಂದಿ, ಉರ್ದು ಎರಡನ್ನೂ ಓದಬಲ್ಲೆ. ಈ ವಯಸ್ಸಿನಲ್ಲಿ ಪರೀಕ್ಷೆ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಒಂಟಾರಿಯೊ ಪ್ರಾಂತದಲ್ಲಿ ಜಿ1 ಎಂಬ ಮೊದಲ ಹಂತದ ಲಿಖಿತ ಪರೀಕ್ಷೆಯನ್ನು ಹಿಂದಿಯಲ್ಲಿಯೂ ಉರ್ದುವಿನಲ್ಲಿಯೂ ಕೊಡಬಹುದು. ಫಲಕಗಳ ಬಗ್ಗೆ 20, ನಿಯಮಗಳ ಬಗ್ಗೆ 20 ಪ್ರಶ್ನೆಗಳಿರುತ್ತವೆ, ಎರಡರಲ್ಲಿಯೂ ಪ್ರತ್ಯೇಕವಾಗಿ 16 ಸರಿಯಾಗಬೇಕು. ಒಂದರಲ್ಲಿ ಹೆಚ್ಚು ತೆಗೆದು ಇನ್ನೊಂದರ ಕೊರತೆ ತುಂಬಿಸಲಾಗದು. ಒಂದು ಸಂಗತಿ ಮಾತ್ರ ಮೊದಲೇ ತಿಳಿದಿರಲಿ: ಸರ್ಕಾರದ ಅಧಿಕೃತ ಕೈಪಿಡಿ ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿದೆ. ಮಗಳು ವಾರಕ್ಕೆ ಎರಡು ಸಂಜೆ ಕೂತು ಅದನ್ನು ಓದಿ ಹೇಳಲಿ, ಚಿತ್ರಗಳನ್ನು ನೀವು ನೋಡಿ. ಅಲ್ಲಿ ಇಲ್ಲಿ ಸಿಗುವ ಹಿಂದಿ ಪ್ರಶ್ನಾವಳಿಗಳನ್ನು ಅಭ್ಯಾಸಕ್ಕೆ ಬಳಸಿ, ಆದರೆ ಕೈಪಿಡಿಗೆ ಹೊಂದದ ಉತ್ತರ ಕಂಡರೆ ಕೈಪಿಡಿಯನ್ನೇ ನಂಬಿ.

ಪ್ರಶ್ನೆ: ದುಬೈಯಲ್ಲಿ ಮಲಯಾಳಂ, ತಮಿಳು ಇವೆ, ಕನ್ನಡವಿಲ್ಲ. ನಮ್ಮ ಊರಿನ ಆರ್‌ಟಿಒದಲ್ಲಿ ಎಲ್‌ಎಲ್ (ಕಲಿಕಾ ಲೈಸೆನ್ಸ್) ಪರೀಕ್ಷೆಯನ್ನು ಕನ್ನಡದಲ್ಲಿಯೇ ಕೊಟ್ಟ ನಾವು ಅಲ್ಲಿ ಏಕೆ ಹಿಂದಿಗೆ ಕೈಯೊಡ್ಡಬೇಕು?

ಉತ್ತರ: ನಿಮ್ಮ ನೋವು ನನ್ನದೂ ಹೌದು. ಯಾವ ಸರ್ಕಾರವೂ ಪರೀಕ್ಷೆಯ ಭಾಷೆಯನ್ನು ಸೇರಿಸುವಾಗ ನೋಡುವುದು ಆ ಭಾಷೆಯಲ್ಲಿ ಎಷ್ಟು ಜನ ಬರುತ್ತಾರೆ ಎಂಬುದನ್ನು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿಗೆ ಹೋದವರು ಕಡಿಮೆಯೇನಲ್ಲ. ಆದರೆ ತುಳು, ಕೊಂಕಣಿ, ಬ್ಯಾರಿ, ನವಾಯತಿ ಮಾತನಾಡುವ ಅವರು ಅರ್ಜಿಯ ಕಾಗದದಲ್ಲಿ ಹಿಂದಿಯನ್ನೋ ಉರ್ದುವನ್ನೋ ಇಂಗ್ಲಿಷನ್ನೋ ಬರೆದುಬಿಡುತ್ತಾರೆ. ಕನ್ನಡ ಬೇಕೆಂದು ಕೇಳಿದವರ ಲೆಕ್ಕ ಎಲ್ಲಿಯೂ ಸೇರುವುದಿಲ್ಲ. ಅಲ್ಲಿಯ ಕನ್ನಡ ಸಂಘಗಳು ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಡಲಿ ಎಂದು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇನೆ. ಮನವಿಗೆ ಉತ್ತರ ಬರುವವರೆಗೆ ಸಂಘಗಳೇ ಮಾಡಬಹುದಾದ ಕೆಲಸವೊಂದಿದೆ: ಕುಂದಾಪುರದ ಓದುಗರಿಗೆ ಹೇಳಿದಂಥ ಮೂರು ಸಾಲಿನ ಶಬ್ದಪಟ್ಟಿಯನ್ನು, ಹಿಂದಿ, ಕನ್ನಡ ಮತ್ತು ಫಲಕದ ಇಂಗ್ಲಿಷಿನಲ್ಲಿ, ಲೈಸೆನ್ಸ್ ಪಡೆದ ನಾಲ್ಕಾರು ಚಾಲಕರನ್ನು ಕೂರಿಸಿಕೊಂಡು ಸಿದ್ಧಪಡಿಸಿ ಹೊಸದಾಗಿ ಬಂದವರಿಗೆ ಹಂಚುವುದು. ಅಂಥ ಪಟ್ಟಿಯನ್ನು ಯಾರಾದರೂ ತಯಾರಿಸಿ ಕಳುಹಿಸಿದರೆ, ತಪ್ಪು ಒಪ್ಪುಗಳನ್ನು ನೋಡಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.