ಮೊದಲು ಪರಿಚಯದ ಮುಖವಾಗಿ

ಬೀದಿಯ ಮೂಲೆಯಲ್ಲಿ ಮಲಗುವ ಹಿರಿಯರನ್ನು ಹೇಗೆ ಮಾತಾಡಿಸುವುದು, ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ದಿನಾ ಒಂದೇ ಹೊತ್ತಿಗೆ ಆ ದಾರಿಯಲ್ಲಿ ಹೋಗಿ, ಸುಮ್ನೆ ಒಂದು ನಗು ಸಾಕು. ನಮ್ಮ ಬೀದಿಯಲ್ಲಿದ್ದವರು ಮೂರು ವಾರ ತಲೆಯೇ ಎತ್ತಲಿಲ್ಲ. ಆಮೇಲೊಂದು ದಿನ ಅವರೇ, "ನಿನ್ನೆ ಯಾಕೆ ಬರಲಿಲ್ಲ?" ಅಂದರು!

ನಿಂತು ಮಾತಾಡಬೇಡಿ, ಕೂತುಕೊಳ್ಳಿ. ಹಾಸಿಗೆ, ಗಂಟು ಮಾತ್ರ ತುಳಿಯಬೇಡಿ. ಅದೇ ಅವರ ಮನೆ, ಅಲ್ವಾ? ಮಲಗಿದ್ದರೆ ಎಬ್ಬಿಸಬೇಡಿ, ರಾತ್ರಿ ಭಯಕ್ಕೆ ಎಷ್ಟೋ ಜನ ನಿದ್ದೆಯನ್ನೇ ಮಾಡುವುದಿಲ್ಲ. ಫೋಟೋ ಅಂತೂ ಬೇಡವೇ ಬೇಡ.

ಏನು ಬೇಕು ಅಂತ ಅವರನ್ನೇ ಕೇಳಿ. ನಾನು ದೊಡ್ಡದಾಗಿ ಕಂಬಳಿ ಹೊತ್ತುಕೊಂಡು ಹೋಗಿದ್ದೆ. ಅವರಿಗೆ ಬೇಕಿದ್ದದ್ದು ಒಣಗಿದ ಕಾಲುಚೀಲ. ಮಳೆಗೆ ನೆಂದದ್ದನ್ನೇ ಹಾಕಿಕೊಂಡಿದ್ದು, ಬೆರಳ ಸಂದಿಯೆಲ್ಲ ಬಿಳಿಚಿ ಸುಲಿದಿತ್ತು.